ವಾಲಗದ ಮನೆಯಿಂದ ಜಾಸ್ ವೇದಿಕೆಗೆ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮದುವೆಗಳಲ್ಲಿ ವಾಲಗ ಕಿವಿಗೆ ಬೀಳದವರಿಲ್ಲ. ಆದರೆ ಕೂತು ಕೇಳಿದವರು ಎಷ್ಟು ಮಂದಿ? ತಾಳಿ ಕಟ್ಟುವ ಹೊತ್ತಿಗೆ ‘ಗಟ್ಟಿಮೇಳ’ ಎಂದು ಕೂಗಿದಾಗ ಮಾತ್ರ ವಾಲಗದವರ ನೆನಪಾಗುತ್ತದೆ. ಜಾಸ್ ಫ್ಯೂಷನ್ ಎಂದೊಡನೆ ‘ಅದು ನಮ್ಮದಲ್ಲ’ ಎನ್ನುವುದೂ ರೂಢಿ. ಈ ಎರಡಕ್ಕೂ ನಂಟಿದೆ ಎಂಬುದಕ್ಕೆ ಸಾಕ್ಷಿ, 2008ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ. ಕಿನ್ಸ್‌ಮೆನ್ ಎಂದರೆ ನೆಂಟರು, ಒಂದೇ ಬಳಗದವರು ಎಂದರ್ಥ.

ಈ ನೆಂಟರಲ್ಲಿ ಹಿರಿಯರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರು ನಾಗಸ್ವರ ವಿದ್ವಾಂಸರ ಮಗ. ಬಾಲ್ಯದಲ್ಲಿ ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ಈ ವಾದ್ಯದ ಸ್ವರಗಳನ್ನು ಕೀಲಿಗಳು ಬೇರೆ ಬೇರೆ ಮಾಡಿ ನಿಲ್ಲಿಸುತ್ತವೆ. ಕರ್ನಾಟಕ ಸಂಗೀತಕ್ಕಾದರೋ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಬೇಕು. ತುಟಿ, ಉಸಿರು, ಬೆರಳು ಮೂರನ್ನೂ ಪಳಗಿಸಿ ಆ ಗಮಕವನ್ನು ಒಲಿಸಿಕೊಳ್ಳಲು ಅವರಿಗೆ ಹಿಡಿದದ್ದು ಸುಮಾರು 20 ವರ್ಷ. 1980ರಲ್ಲಿ ಮುಂಬೈನ ಜಾಸ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಬಿಬಿಸಿ ಪ್ರಾಮ್ಸ್ ಕಛೇರಿ ಅವರಿಗೆ ಜಗತ್ತಿನ ಮನ್ನಣೆ ತಂದಿತು.

ಕಿರಿಯರು ರುದ್ರೇಶ್ ಮಹಾಂತಪ್ಪ. ಕರ್ನಾಟಕ ಮೂಲದ ಕುಟುಂಬದಲ್ಲಿ 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಬೌಲ್ಡರ್ ನಗರದಲ್ಲಿ ಬೆಳೆದವರು. ತಂದೆ ಭೌತವಿಜ್ಞಾನದ ಪ್ರಾಧ್ಯಾಪಕರು. ರುದ್ರೇಶ್ ಕಲಿತದ್ದು ಜಾಸ್. ಭಾರತೀಯ ಹೆಸರು ಹೊತ್ತವನಿಗೆ ಭಾರತೀಯ ಸಂಗೀತವೂ ತಿಳಿದಿರಬೇಕೆಂದು ಜನ ಊಹಿಸುತ್ತಿದ್ದ ಕಾಲದಲ್ಲಿ, ಅಣ್ಣ ಕೊಟ್ಟ ಒಂದು ಆಲ್ಬಂನಿಂದ ಗೋಪಾಲನಾಥರ ವಾದನ ಅವರ ಕಿವಿಗೆ ಬಿತ್ತು. ತಾವು ನುಡಿಸುವ ಆಲ್ಟೊ ಸ್ಯಾಕ್ಸೊಫೋನಿನಲ್ಲೇ ಬೇರೊಂದು ಭಾಷೆ! ಮುಂದೆ ಇಬ್ಬರೂ ಸೇರಿ ನುಡಿಸಿದ ತಂಡವೇ ‘ದಕ್ಷಿಣ ಎನ್ಸೆಂಬಲ್’. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ, ಗಿಟಾರ್‌ಗೆ ರೆಜ್ ಅಬ್ಬಾಸಿ, ಬಾಸ್‌ಗೆ ಕಾರ್ಲೊ ಡಿ ರೋಸಾ, ಡ್ರಮ್ಸ್‌ಗೆ ರಾಯಲ್ ಹಾರ್ಟಿಗನ್.

ಇಂಥ ತಂಡವನ್ನು ಕೇಳುವುದು ಹೇಗೆ? ಧ್ವನಿಮುದ್ರಿಕೆಯ ದೊಡ್ಡ ಉಪಕಾರವೆಂದರೆ ಮತ್ತೆ ಮತ್ತೆ ಕೇಳುವ ಅವಕಾಶ. ಮೊದಲ ಸಲ ಎರಡು ಸ್ಯಾಕ್ಸೊಫೋನ್‌ಗಳನ್ನು ಮಾತ್ರ ಹಿಂಬಾಲಿಸಬೇಕು. ವಾದ್ಯ ಒಂದೇ ಆದರೂ ನಡೆ ಬೇರೆ. ಗೋಪಾಲನಾಥರದು ಜಾರುವ, ತೂಗುವ, ರಾಗದ ಅಂಗಳ ಬಿಡದ ದಾರಿ. ನಾಗಸ್ವರದ ಮನೆತನ ಅಲ್ಲಿ ಕೇಳಿಸುತ್ತದೆ. ಮಹಾಂತಪ್ಪ ಅವರದು ಮೊನಚಾದ, ಸ್ವರದಿಂದ ಸ್ವರಕ್ಕೆ ನೆಗೆಯುವ ದಾರಿ. ಎರಡನೆಯ ಸಲ ಕಿವಿಯನ್ನು ಗಿಟಾರ್ ಮತ್ತು ಬಾಸ್ ಕಡೆಗೆ ತಿರುಗಿಸಬಹುದು. ನಮ್ಮ ಕಛೇರಿಯಲ್ಲಿ ಶ್ರುತಿ ಕದಲದ ನೆಲ. ಜಾಸ್‌ನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದ ಗುಚ್ಛಗಳು ಬದಲಾಗುತ್ತ ನೆಲವೇ ಸರಿಯುತ್ತದೆ. ಈ ಮುದ್ರಿಕೆಯಲ್ಲಿ ‘ಕಲ್ಯಾಣಿ’ ಎಂಬ ರಚನೆಯೂ ಇದೆ. ಕಲ್ಯಾಣಿಯ ಸ್ವರಗಳೂ ಜಾಸ್‌ನವರು ‘ಲಿಡಿಯನ್’ ಎನ್ನುವ ಶ್ರೇಣಿಯ ಸ್ವರಗಳೂ ಒಂದೇ. ಆದರೆ ಸ್ವರ ಒಂದಾದ ಮಾತ್ರಕ್ಕೆ ರಾಗ ಒಂದಾಗದು. ಅದನ್ನು ರಾಗ ಮಾಡುವುದು ಗಮಕ ಮತ್ತು ಸಂಚಾರ. ರಚನೆಗಳ ನಡುವೆ ಒಬ್ಬೊಬ್ಬರ ಕಿರು ಆಲಾಪಗಳಿರುವುದರಿಂದ ಈ ಭೇದ ಹೊಸ ಕೇಳುಗರಿಗೂ ಬೇಗ ಹಿಡಿಸುತ್ತದೆ.

ಮೂರನೆಯದು ಲಯ. ಆದಿತಾಳದ ಎಂಟು ಎಣಿಕೆಗೆ, ನಾಲ್ಕು ನಾಲ್ಕರಂತೆ, 32 ಅಕ್ಷರ. ‘ತಕಿಟ ತಕದಿಮಿ’ ಎಂಬ ಏಳಕ್ಷರದ ಜತಿಯನ್ನು ನಡುವೆ ಎರಡೆರಡು ಅಕ್ಷರ ಬಿಟ್ಟು ಮೂರು ಸಲ ನುಡಿಸಿದರೆ 25 ಅಕ್ಷರವಾಗುತ್ತದೆ. ಮೊದಲ ಏಳು ಅಕ್ಷರ ಬಿಟ್ಟು ಶುರು ಮಾಡಿದವನು ಸರಿಯಾಗಿ ಸಮಕ್ಕೆ ಬಂದು ಇಳಿಯುತ್ತಾನೆ. ಇಂಥ ಮುಕ್ತಾಯಗಳ ಲೆಕ್ಕ ಮೃದಂಗದವರಿಗೆ ಮನೆಮಾತು. ಜಾಸ್ ಡ್ರಮ್ಮರ್ ಜೊತೆಗೂಡಿದಾಗ ಅವನೂ ಆ ಲೆಕ್ಕವನ್ನು ಮನಸ್ಸಿನಲ್ಲೇ ಹಿಡಿದಿರಬೇಕು. ವೇಗ ಕಂಡು ಬೆರಗಾಗುವುದು ಸುಲಭ. ಕೈಚಳಕದ ನಿಜವಾದ ಪರೀಕ್ಷೆ ಎಲ್ಲರೂ ಒಂದೇ ಕ್ಷಣಕ್ಕೆ ಬಂದು ಸೇರುವುದರಲ್ಲಿದೆ.

ಕಛೇರಿಯಲ್ಲಿ ಕಾಣುವುದು ಈ ಸೇರುವಿಕೆಯೇ. ಒಬ್ಬರು ನುಡಿಸುವಾಗ ಉಳಿದವರು ಏನು ಮಾಡುತ್ತಿದ್ದಾರೆಂಬುದು ಮುದ್ರಿಕೆಯಲ್ಲಿ ತಿಳಿಯದು. ಕಣ್ಸನ್ನೆ, ತಲೆದೂಗು, ಸರದಿ ಒಪ್ಪಿಸುವ ಕೈಸನ್ನೆ, ಇವೆಲ್ಲ ವೇದಿಕೆಯ ಸೊತ್ತು. ಜಾಸ್ ಸಭಿಕರು ಪ್ರತಿ ಸರದಿಯ ಕೊನೆಗೂ ಚಪ್ಪಾಳೆ ತಟ್ಟುತ್ತಾರೆ. ಕರ್ನಾಟಕ ಸಂಗೀತದ ಸಭಿಕರು ತೊಡೆಯ ಮೇಲೆ ತಾಳ ಹಾಕುತ್ತಾರೆ. ಎರಡೂ ಕಲಾವಿದರಿಗೆ ಮುಟ್ಟುವ ಉತ್ತರವೇ. ಸಭೆ ಉತ್ತರ ಕೊಟ್ಟ ದಿನ ವಾದನ ಬೆಳೆಯುತ್ತದೆ, ಕೊಡದ ದಿನ ಬಾಡುತ್ತದೆ.

ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಈ ಇಬ್ಬರನ್ನು ಒಟ್ಟಿಗೆ ವೇದಿಕೆಯ ಮೇಲೆ ಕಾಣುವ ಅವಕಾಶ ಇನ್ನಿಲ್ಲ. ಮುದ್ರಿಕೆ ಮಾತ್ರ ಉಳಿದಿದೆ. ಆದರೆ ಅವರ ಸಂಗೀತ ಹುಟ್ಟಿದ ನಾಗಸ್ವರ ನಮ್ಮ ಛತ್ರಗಳಲ್ಲಿ, ಜಾತ್ರೆಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಕಡಲಾಚೆಯಲ್ಲಿ ಬೆಳೆದ ಹುಡುಗನೊಬ್ಬ ಅದರ ಮರಿದನಿಯನ್ನು ಸ್ಯಾಕ್ಸೊಫೋನಿನಲ್ಲಿ ಕೇಳಿ ತನ್ನ ಸಂಗೀತದ ದಾರಿಯನ್ನೇ ಹಿಗ್ಗಿಸಿಕೊಂಡ. ಮುಂದಿನ ಮದುವೆಯಲ್ಲಿ ಊಟದ ಪಂಕ್ತಿಗೆ ಏಳುವ ಮುನ್ನ ವಾಲಗದವರ ಎದುರು ಹತ್ತು ನಿಮಿಷ ಕೂತು ತಾಳ ಹಾಕಿದರೆ, ಜಾಸ್ ಕೇಳಲು ಬೇಕಾದ ಕಿವಿ ಅಲ್ಲೇ ಸಿದ್ಧವಾಗುತ್ತದೆ. ನುಡಿಸುವವರಿಗೂ ತಮ್ಮನ್ನು ಯಾರೋ ಕೇಳುತ್ತಿದ್ದಾರೆಂಬುದು ತಿಳಿಯುತ್ತದೆ.