ಬಲೆಯ ಕಣ್ಣು, ಹೊಟ್ಟೆಯ ಗೋಡೆ

ಕುಮಟಾದ ತದಡಿ ಇರಲಿ, ಹೊನ್ನಾವರದ ಕಾಸರಕೋಡ ಇರಲಿ, ಭಟ್ಕಳದ ಮಾವಿನಕುರ್ವೆ ಇರಲಿ, ಬಂದರಿನ ದುಡಿಮೆಯೆಂದರೆ ಭಾರದ ದುಡಿಮೆ. ಹಗ್ಗ ಜಗ್ಗಬೇಕು, ಮೀನಿನ ಬುಟ್ಟಿ ಹೊರಬೇಕು. ಹೀಗೆ ದುಡಿಯುವವನಿಗೆ ಒಂದು ದಿನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಗುತ್ತದೆ. ಕೆಮ್ಮಿದರೆ ಉಬ್ಬುತ್ತದೆ, ಅಂಗಾತ ಮಲಗಿದರೆ ಮಾಯ. ಹೇಳಿಕೊಳ್ಳಲು ನಾಚಿಕೆ. ವರ್ಷಗಟ್ಟಲೆ ಅದು ಲುಂಗಿಯೊಳಗಿನ ಗುಟ್ಟು.

ಊರಲ್ಲಿ ಇದು ಅಂಡವಾಯು, ಆಸ್ಪತ್ರೆಯಲ್ಲಿ ಹರ್ನಿಯಾ. ಹೆಸರು ಕೇಳಿ ಗಾಳಿ ತುಂಬಿದೆ ಎಂದುಕೊಳ್ಳುವವರಿದ್ದಾರೆ. ಇರುವುದು ತೂತು. ಹೊಟ್ಟೆಯ ಸ್ನಾಯುಗೋಡೆ ಸಡಿಲವಾದಲ್ಲಿ ಕರುಳೋ, ಅದರ ಮೇಲಿನ ಕೊಬ್ಬಿನ ಪರದೆಯೋ ಹೊರಗೆ ತೂರುತ್ತದೆ. ಗಂಡುಮಗುವಿನ ವೃಷಣಗಳು ಬೆಳೆಯುವುದು ಹೊಟ್ಟೆಯೊಳಗೆ. ಹುಟ್ಟುವ ಮೊದಲಿನ ತಿಂಗಳುಗಳಲ್ಲಿ ಅವು ತೊಡೆಸಂದಿಯ ಹಾದಿಯಲ್ಲಿ ಕೆಳಗಿಳಿಯುತ್ತವೆ. ಆ ಹಾದಿ ಆಮೇಲೂ ದುರ್ಬಲವೇ. ಭಾರ, ಬೀಡಿಯ ಹಳೆಕೆಮ್ಮು, ಮಲಬದ್ಧತೆಯ ತಿಣುಕು ಅದನ್ನು ಹಿಗ್ಗಿಸುತ್ತವೆ. ತೊಡೆಸಂದಿಯ ಹರ್ನಿಯಾ ಜೀವಮಾನದಲ್ಲಿ ನೂರಕ್ಕೆ ಸುಮಾರು 27 ಗಂಡಸರಿಗೆ, 3 ಹೆಂಗಸರಿಗೆ ಬರಬಹುದೆಂಬುದು ಬ್ರಿಟನ್ನಿನ ಲೆಕ್ಕ. ಹೊಕ್ಕುಳಲ್ಲಿ, ಸಿಸೇರಿಯನ್ ಹೊಲಿಗೆಯ ಜಾಗದಲ್ಲಿ ಬರುವುದೂ ಉಂಟು.

ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿದ ಬಲೆಯ ಕಣ್ಣಿಗೆ ಬಂಗಡೆ ತಲೆ ತೂರಿಸುತ್ತದೆ. ಕಿವಿರು ಸಿಕ್ಕಿತೆಂದರೆ ಮುಂದೂ ಇಲ್ಲ, ಹಿಂದೂ ಇಲ್ಲ. ಕರುಳಿಗೂ ಇದೇ ಗತಿ. ದೊಡ್ಡ ತೂತಿನಲ್ಲಿ ಅದು ಹೋಗಿ ಬರುತ್ತಿರುತ್ತದೆ. ಕಿರಿದಾದ ತೂತು ಅದರ ಕತ್ತು ಹಿಸುಕುತ್ತದೆ. ಗಂಟು ಒಳಹೋಗದೆ ಕಲ್ಲಿನಂತಾಗಿ, ನೋವು, ವಾಂತಿ ಶುರುವಾದರೆ ರಕ್ತಸಂಚಾರ ನಿಂತಿರಬಹುದು. ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಆಗ ಗಂಟನ್ನು ತಿಕ್ಕುತ್ತ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಔಷಧಿಯಿಂದ ತೂತು ಮುಚ್ಚದು. ಬೆಲ್ಟು ಗಂಟನ್ನು ಒತ್ತಿ ಹಿಡಿದೀತು, ಅಷ್ಟೆ.

ಶಸ್ತ್ರವೈದ್ಯರು ಇಂದು ಹಾಕುವ ತೇಪೆಯೂ ಒಂದು ಬಲೆಯೇ. ದೋಣಿಯ ಹಗ್ಗಗಳಿಗೆ ಬಳಕೆಯಾಗುವ ಪಾಲಿಪ್ರೊಪಿಲೀನಿನಿಂದಲೇ ಅದರ ಸಣ್ಣ ಕಣ್ಣುಗಳ ಹೆಣಿಗೆ. ಆ ಕಣ್ಣುಗಳೊಳಗೆ ದೇಹದ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗುತ್ತದೆ. ಮಹಾರಾಷ್ಟ್ರದ ದೊಂಡಾಯಿಚಾದ ಡಾ. ತೋಂಗಾಂವಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಕ್ರಿಮಿಶುದ್ಧಗೊಳಿಸಿ ಬಡವರಿಗೆ ಈ ತೇಪೆ ಹಾಕಿದರು. ಉಗಾಂಡದ 302 ಗಂಡಸರಲ್ಲಿ ಇಂಥ ಅಗ್ಗದ ಬಟ್ಟೆಯನ್ನು ದುಬಾರಿ ಜಾಲರಿಯೊಡನೆ ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವರ್ಷದ ಬಳಿಕ ನೋಡಿದಾಗ ಎರಡೂ ಸರಿಸಮ.

ಚಿಕಿತ್ಸೆಯ ನಂತರ ನಾಲ್ಕಾರು ವಾರ ಭಾರ ಎತ್ತಬೇಡಿ ಎನ್ನುತ್ತಾರೆ ವೈದ್ಯರು. ಕೂಲಿ ಹೋಗುತ್ತದೆಂಬ ಚಿಂತೆ ಮೀನುಗಾರನಿಗೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ದೋಣಿಗಳು ಹೇಗೂ ದಡದಲ್ಲೇ ಇರುತ್ತವೆ. ಜೂನ್ ಮೊದಲ ವಾರ ತೇಪೆ ಹಾಕಿಸಿಕೊಂಡವನು ಮನೆಯ ಜಗುಲಿಯಲ್ಲಿ ಕುಳಿತು ಹರಿದ ಬಲೆ ಹೆಣೆಯುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ.