ಊರು ಎಷ್ಟು ಗಂಟೆ ದೂರ?

(ನಾಗಪುರದ ಗಾಂಧಿಬಾಗಿನಲ್ಲಿ ನೆರೆದ ಕನ್ನಡ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



"ತಾಯಿಗೆ ಬಹಳ ಕಾಯಿಲೆ, ಕೂಡಲೆ ಹೊರಟು ಬಾ" ಎಂದು ಊರಿನಿಂದ ಸುದ್ದಿ ಬಂದರೆ ನಮ್ಮಲ್ಲಿ ಯಾರೂ ಮೈಲು ಎಣಿಸುತ್ತ ಕೂಡುವುದಿಲ್ಲ. ಎಷ್ಟು ಹೊತ್ತಿಗೆ ಮುಟ್ಟುತ್ತೇವೆ, ಎಷ್ಟು ಹಣ ಬೇಕು ಎಂದಷ್ಟೇ ಕೇಳುತ್ತೇವೆ. ಆ ಲೆಕ್ಕವನ್ನು ಮನಸ್ಸು ಶಾಂತವಾಗಿರುವಾಗಲೇ ಮಾಡಿಟ್ಟುಕೊಳ್ಳುವುದು ಲೇಸು.

ವಿಮಾನದ ಲೆಕ್ಕಕ್ಕೆ ನಾಗಪುರದಷ್ಟು ತಕ್ಕ ಊರು ಬೇರೊಂದಿಲ್ಲ. 1949ರ ಜನವರಿಯಲ್ಲಿ ರಾತ್ರಿಯ ವಿಮಾನ ಅಂಚೆ ಆರಂಭವಾಯಿತು. ದಿಲ್ಲಿ, ಮುಂಬಯಿ, ಕಲಕತ್ತೆ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಇಲ್ಲಿಯ ಸೋನೆಗಾಂವಿನಲ್ಲಿ ಕೂಡಿ, ಚೀಲಗಳನ್ನು ಬದಲಿಸಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದುವು. ನಾಲ್ಕೂ ನಗರಗಳು ಇಲ್ಲಿಂದ ಆಕಾಶಮಾರ್ಗದಲ್ಲಿ ಸುಮಾರು 680ರಿಂದ 990 ಕಿಲೋಮೀಟರಿನೊಳಗೆ ಇವೆ. ಗಂಟೆಗೆ 270 ಕಿಲೋಮೀಟರಿನಂತೆ ಹಾರುವ ಡಕೋಟಾ ವಿಮಾನಕ್ಕೆ ಅದು ಮೂರು ನಾಲ್ಕು ಗಂಟೆಯ ದಾರಿ. ಆ ಏರ್ಪಾಡು ನಿಂತು ಬಹುಕಾಲವಾಯಿತು. ನಾಗಪುರ ಮಾತ್ರ ನಡುವಿನಲ್ಲೇ ಇದೆ.

ಈಗ ನಮ್ಮ ಮಾತಿಗೆ ಬರೋಣ. ಇಲ್ಲಿಂದ ಬೆಂಗಳೂರು ನೇರ ಗೆರೆಯಲ್ಲಿ ಸುಮಾರು 890 ಕಿಲೋಮೀಟರು. ಜೆಟ್ ವಿಮಾನದ ವೇಗ ಗಂಟೆಗೆ 800 ಎಂದರೆ ಒಂದು ಗಂಟೆ ಚಿಲ್ಲರೆ ಸಾಕಲ್ಲವೇ ಎನ್ನಬಹುದು. ವೇಳಾಪಟ್ಟಿಯಲ್ಲಿ ಕಾಣುವುದು ಒಂದೂಮುಕ್ಕಾಲು ಗಂಟೆಯ ಆಸುಪಾಸು. ವಿಮಾನ ನೆಲದ ಮೇಲೆ ಸಾಗಬೇಕು, ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ಗೊತ್ತುಪಡಿಸಿದ ಹಾದಿಯಲ್ಲೇ ಹೋಗಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಸನದ ಕಡೆಯವರೆಂದಿಟ್ಟುಕೊಳ್ಳಿ. ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು; ಅಲ್ಲಿಗೆ ಮುಟ್ಟಲು ಅರ್ಧ ಗಂಟೆ. ಇಳಿದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಒಂದೂವರೆ, ಅಲ್ಲಿಂದ ಬಸ್ಸಿನಲ್ಲಿ ನಾಲ್ಕು. ಕೂಡಿಸಿದರೆ ಹತ್ತು ಗಂಟೆ ದಾಟಿತು! ರೈಲಿನಲ್ಲಾದರೆ ವೇಗದ ಗಾಡಿಗೂ ಬೆಂಗಳೂರಿನ ತನಕವೇ ಸುಮಾರು ಇಪ್ಪತ್ತು ಗಂಟೆ, ಮೇಲೆ ಬಸ್ಸು. ಉಳಿಯುವುದು ಹದಿನಾಲ್ಕು ಗಂಟೆ. ನಿದ್ದೆಯ ರಾತ್ರಿಯನ್ನು ರೈಲಿನಲ್ಲಿ ಕಳೆಯಬಲ್ಲವನಿಗೆ, ಮದುವೆ ಜಾತ್ರೆಗೆ ಹೊರಟವನಿಗೆ, ಇದು ದೊಡ್ಡ ಲಾಭವಲ್ಲ. ತಾಯಿಯ ಮುಖ ನೋಡಬೇಕೆಂಬವನಿಗೆ ಹದಿನಾಲ್ಕು ಗಂಟೆಯೇ ಸರ್ವಸ್ವ.

ಆದರೆ ಹೊರಡುವ ದಿನ ಕೊಂಡ ಟಿಕೇಟು ಹೆಚ್ಚಾಗಿ ದುಬಾರಿಯೇ. ಒಲೆಯ ಮುಂದೆ, ಮಗ್ಗದ ಮುಂದೆ ದುಡಿಯುವವನು ಆ ಹೊತ್ತಿನಲ್ಲಿ ಯಜಮಾನರ ಬಳಿ ಮುಂಗಡಕ್ಕೆ ನಿಲ್ಲುತ್ತಾನೆ. ಹಣ ಸಿಗುವಷ್ಟರಲ್ಲಿ ವಿಮಾನ ಹೊರಟುಹೋಗಿರುತ್ತದೆ. ಅದಕ್ಕಾಗಿ ನಮ್ಮದೊಂದು ಸೂಚನೆ: ಪ್ರತಿಯೊಬ್ಬನೂ ವರ್ಷಕ್ಕೆ ಒಂದು ದಿನದ ಕೂಲಿಯನ್ನು ತುರ್ತು ಪ್ರಯಾಣದ ನಿಧಿಗೆ ಕೊಡೋಣ. ಕಷ್ಟ ಬಂದವನಿಗೆ ಅಂದೇ ಟಿಕೇಟು ಕೊಡಿಸೋಣ. ಅವನು ಬಡ್ಡಿಯಿಲ್ಲದೆ ಕಂತಿನಲ್ಲಿ ತೀರಿಸಲಿ. ಲೆಕ್ಕಪತ್ರ ಎಲ್ಲರ ಮುಂದಿರಲಿ.

ಈ ಮಾತನ್ನು ನಿಮ್ಮ ನಿಮ್ಮ ಕೋಣೆಗಳಲ್ಲಿ ಚರ್ಚಿಸಿ, ಮುಂದಿನ ಸಭೆಗೆ ಉತ್ತರ ತನ್ನಿರೆಂದು ಬೇಡುತ್ತೇವೆ.