ಮೂರು ಪ್ರತಿಗಳ ಸಂವಿಧಾನ



 ಐತಿಹಾಸಿಕ ದಾಖಲೆಗಳ ಪ್ರದರ್ಶನದ ಬಗ್ಗೆ ಬಂದಿರುವ ಬರವಣಿಗೆಯನ್ನೆಲ್ಲ ನಾನು ಈ ಆಶಯ ಭಾಷಣದಲ್ಲಿ ಒಪ್ಪಿಸುವುದಿಲ್ಲ. ಕಾಗದದ ಆಮ್ಲೀಯತೆ, ಶಾಯಿಯ ಗುಣ, ಬೆಳಕಿನ ಹಾನಿ ಇವುಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಮೊದಲ ಸಾಲಿನಲ್ಲೇ ಕೂತಿದ್ದಾರೆ. ಅವರಿಂದ ಕಲಿತವನು ನಾನು. ನನಗಿರುವುದು ಬಹುಕಾಲದ ಒಂದೇ ತಕರಾರು: ದಾಖಲೆಯನ್ನು ಉಳಿಸುವುದನ್ನು ನಾವು ಚೆನ್ನಾಗಿ ಕಲಿತೆವು, ತೋರಿಸುವಾಗ ಮಾತ್ರ ಚೆಂದದ್ದನ್ನೇ ಆರಿಸಿಕೊಂಡೆವು.

ನಮ್ಮ ಸಂವಿಧಾನವನ್ನೇ ನೋಡಿ. 1950ರ ಜನವರಿ 24ರಂದು ಸಂವಿಧಾನ ಸಭೆಯ ಸದಸ್ಯರು ಸಹಿ ಹಾಕಲು ಬಂದಾಗ ಮೇಜಿನ ಮೇಲೆ ಮೂರು ಪ್ರತಿಗಳಿದ್ದವು. ಇದನ್ನು ಸಭೆಗೆ ತಿಳಿಸಿದವರು ಅಧ್ಯಕ್ಷ ರಾಜೇಂದ್ರ ಪ್ರಸಾದರೇ. ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ ಕೈಯಲ್ಲಿ ಬರೆದು, ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಚಿತ್ರಗಳಿಂದ ಸಿಂಗರಿಸಿದ ಇಂಗ್ಲಿಷ್ ಪ್ರತಿ ಒಂದು. ಕೈಬರಹದ ಹಿಂದಿ ಪ್ರತಿ ಇನ್ನೊಂದು. ಮೂರನೆಯದು ಅಚ್ಚಾದ ಇಂಗ್ಲಿಷ್ ಪ್ರತಿ.

ಕೈಬರಹದ ಪ್ರತಿಗಳಿಗೆ 1990ರ ದಶಕದಲ್ಲಿ ನಮ್ಮ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಕೂಡಿ ಜಡ ಅನಿಲ ತುಂಬಿದ, ಗಾಳಿ ಒಳಹೋಗದ ಗಾಜಿನ ಪೆಟ್ಟಿಗೆಗಳನ್ನು ಮಾಡಿದವು. ಬಹಳ ದೊಡ್ಡ ಕೆಲಸ ಅದು, ಇಲ್ಲಿರುವ ಸಂರಕ್ಷಣಾ ತಜ್ಞರಿಗೆ ಅದರ ಕಷ್ಟ ಗೊತ್ತು. ಆದರೆ ಸಹಿಯಾದ ಆ ಅಚ್ಚಿನ ಪ್ರತಿಯನ್ನು ನೋಡಬೇಕೆಂದು ಕೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಸಭೆಯಲ್ಲಿ ವಿಧಿ ವಿಧಿಯಾಗಿ ಚರ್ಚೆಯಾಗಿ, ತಿದ್ದುಪಡಿಗಳ ಪೆಟ್ಟು ತಿಂದದ್ದು ಅಚ್ಚಿನ ಕರಡೇ ಅಲ್ಲವೇ? ಹಾಗಾದರೆ ಮೂರರಲ್ಲಿ ಜನರ ಕಣ್ಣಿಗೆ ಬೀಳಬೇಕಾದದ್ದು ಯಾವುದು? ಈ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ ಫೋಟೊಲಿಥೊ ವಿಧಾನದಲ್ಲಿ ಮುದ್ರಿಸಿದ ಕೈಬರಹದ ಸಂವಿಧಾನವನ್ನು ಒಮ್ಮೆ ಕಾನೂನು ವಿದ್ಯಾರ್ಥಿಗಳ ಮುಂದೆ ತೆರೆದೆ. ಹದಿನಾರನೆಯ ಭಾಗದ ತಲೆಯಲ್ಲಿ ಟಿಪ್ಪು ಸುಲ್ತಾನ್, ಲಕ್ಷ್ಮೀಬಾಯಿ ಇದ್ದಾರೆ. ನಮ್ಮ ಮೈಸೂರಿನ ಟಿಪ್ಪು! ಎಲ್ಲರ ಮೊಬೈಲೂ ಹೊರಬಂದವು. ಒಬ್ಬ ಹುಡುಗಿ ಮಾತ್ರ ಚಿತ್ರ ಬಿಟ್ಟು ಕೆಳಗಿನದನ್ನು ಓದುತ್ತಾ ಹೋಗಿ, 334ನೇ ವಿಧಿಯ ಮೇಲೆ ಬೆರಳಿಟ್ಟು, "ಸರ್, ಇಲ್ಲಿ ಹತ್ತು ವರ್ಷ ಅಂತಿದೆ" ಅಂದಳು. ಶಾಸನಸಭೆಗಳಲ್ಲಿ ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳ ಅವಧಿ ಅದು. ಅವಳ ಬ್ಯಾಗಿನಲ್ಲಿದ್ದ, ತಿದ್ದುಪಡಿಯಾದ ಸಂವಿಧಾನದ ಪುಸ್ತಕದಲ್ಲಿ ಅದು ಎಂಬತ್ತು ವರ್ಷ. ಆ ಎರಡು ಸಂಖ್ಯೆಗಳ ನಡುವೆ ಈ ದೇಶದ ಎಷ್ಟೊಂದು ಚುನಾವಣೆ, ಎಷ್ಟೊಂದು ಹೋರಾಟ, ಎಷ್ಟು ತೀರದ ಅನ್ಯಾಯ! ಅವತ್ತಿನ ತರಗತಿ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ನಾನು ಬಯಸುವ ಪ್ರದರ್ಶನ ಅಂಥದ್ದು.

ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಲ್ಲಿನ ಸ್ವಾತಂತ್ರ್ಯ ಘೋಷಣೆ 1841ರಿಂದ ಮೂವತ್ತೈದು ವರ್ಷ ಪೇಟೆಂಟ್ ಕಚೇರಿಯಲ್ಲಿ ಕಿಟಕಿಗೆ ಎದುರಾಗಿ ತೂಗಿ ಮಂಕಾಯಿತು. ಮಬ್ಬು ಬೆಳಕಿನಲ್ಲಿ ಬಗ್ಗಿ ನೋಡಿದರೆ ಅಕ್ಷರ ಹಿಡಿಯುವುದೇ ಕಷ್ಟ. ಕೆಳಗಿನ ಎಡ ಮೂಲೆಯಲ್ಲಿ ಯಾರದೋ ಅಂಗೈಯ ಗುರುತು ಬೇರೆ. ಆದರೂ ಅವರಿಂದ ಕಲಿಯುವುದಿದೆ. ಮೊದಲು ಅವರ ಸಂವಿಧಾನದ ಮೊದಲ ಮತ್ತು ಕೊನೆಯ ಹಾಳೆಗಳನ್ನಷ್ಟೇ ಸಾಮಾನ್ಯವಾಗಿ ತೋರಿಸುತ್ತಿದ್ದರು. 2003ರಿಂದ ನಾಲ್ಕೂ ಹಾಳೆಗಳು ಜನರ ಮುಂದಿವೆ. ನಮ್ಮದು ಹೊಲಿದು ಕಟ್ಟಿದ ದಪ್ಪ ಹೊತ್ತಗೆ, ಒಂದು ಸಲಕ್ಕೆ ಎರಡು ಪುಟ ಮಾತ್ರ ತೆರೆದಿಡಬಹುದು ಎಂಬುದು ನಿಜವಾದ ತೊಡಕೇ. ಆದರೆ ಯಾವ ಎರಡು ಪುಟ ಎಂಬುದನ್ನು ಸಂರಕ್ಷಣಾ ವಿಜ್ಞಾನ ತೀರ್ಮಾನಿಸುವುದಿಲ್ಲ, ನಾವು ತೀರ್ಮಾನಿಸುತ್ತೇವೆ.

ಸಹಿಯ ಪುಟಗಳನ್ನೇ ತೋರಿಸೋಣ ಎನ್ನುವ ಗೆಳೆಯರಿಗೆ ಒಂದು ಮಾತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರು ರಾವ್ ಅವರನ್ನೂ ಕರಡು ಬರಹಗಾರ ಎಸ್.ಎನ್. ಮುಖರ್ಜಿಯವರನ್ನೂ ಹೆಸರು ಹೇಳಿ ನೆನೆದರು. ರಾವ್ ಸಲಹೆಗಾರರಾಗಿದ್ದರೇ ಹೊರತು ಸಭೆಯ ಸದಸ್ಯರಲ್ಲ, ಹಾಗಾಗಿ ಅವರ ಸಹಿ ಅಲ್ಲಿಲ್ಲ. ಅವರನ್ನು ಕಾಣಬೇಕಾದರೆ ಕರಡುಗಳನ್ನು ತೆರೆಯಬೇಕು.

ಈ ಎರಡು ದಿನಗಳ ಗೋಷ್ಠಿಗಳಲ್ಲಿ ನೀವು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ: ಕೈಬರಹದ ಪ್ರತಿಯ ಪಕ್ಕದಲ್ಲಿ ಸಹಿಯಾದ ಅಚ್ಚಿನ ಪ್ರತಿಯನ್ನೂ 1947ರ ಕರಡನ್ನೂ ಇಟ್ಟು, ಒಂದೇ ವಿಧಿಯನ್ನು ಮೂರರಲ್ಲೂ ಓದುವಂತೆ ಮಾಡಲು ಏನೇನು ಬೇಕು? ತಾಂತ್ರಿಕ ಗೋಷ್ಠಿಯವರು ಪೆಟ್ಟಿಗೆಯ ಲೆಕ್ಕ ಹೇಳಲಿ, ಇತಿಹಾಸದವರು ವಿಧಿಯನ್ನು ಆರಿಸಲಿ. ನನ್ನನ್ನು ಕೇಳಿದರೆ 334ರಿಂದ ಶುರುಮಾಡಿ ಎನ್ನುತ್ತೇನೆ.